ಗುಲ್ಮಾರ್ಗ್‌ಗೆ ಟಿಕೆಟ್ ಮಾಡಿಸುವ ಮುನ್ನ: ಹವಾಮಾನ ಮತ್ತು ಹಿಮ ಓದುವ ಕ್ರಮ

ಡಿಸೆಂಬರ್ ಬಂತೆಂದರೆ ಚಿಕ್ಕಬಳ್ಳಾಪುರದ ಗೆಳೆಯರಿಂದ ನನಗೆ ಒಂದೇ ಥರದ ಫೋನ್ ಬರುತ್ತದೆ. "ಗುಲ್ಮಾರ್ಗ್‌ಗೆ ಮಂಜು ಅಂತ ತೋರಿಸ್ತಿದೆ ಕಣಣ್ಣ, ಟಿಕೆಟ್ ಮಾಡಿಸಿಬಿಡ್ಲಾ?" ಜನವರಿ ಕೊನೆಗೆ ಅವರಲ್ಲಿ ಅರ್ಧ ಜನ ಸಪ್ಪೆ ಮುಖ ಮಾಡಿಕೊಂಡು ವಾಪಸ್ ಬಂದಿರುತ್ತಾರೆ. ಒಬ್ಬರು ಒಣಹುಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ. ಇನ್ನೊಬ್ಬರು ಹಿಮ ಬಿದ್ದ ದಿನವೇ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ವಿಮಾನ ರದ್ದಾಗಿ ಕೂತಿರುತ್ತಾರೆ. ಮತ್ತೊಬ್ಬರಿಗೆ ಹಿಮ ಸಿಕ್ಕಿರುತ್ತದೆ, ಆದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿದ್ದು ಮೊದಲ ದಿನವೇ ಮಣಿಕಟ್ಟು ಉಳುಕಿಸಿಕೊಂಡಿರುತ್ತಾರೆ.

ಇವರೆಲ್ಲ ಮುನ್ಸೂಚನೆ ನೋಡಿಕೊಂಡೇ ಹೋದವರು. ನೋಡಿದ ಕ್ರಮ ತಪ್ಪಾಗಿತ್ತು ಅಷ್ಟೇ. ಊರಿನ ಹೆಸರು ಹುಡುಕಿದರು, ಚಿತ್ರ ನೋಡಿದರು, ಹೊರಟರು. ಬೆಟ್ಟದಲ್ಲಿ ಊರಿನ ಹೆಸರಿಗಿಂತ ಎತ್ತರ ಮುಖ್ಯ. ಆಕಾಶದಿಂದ ಬೀಳುವ ಹಿಮದ ಲೆಕ್ಕ ಬೇರೆ, ನೆಲದ ಮೇಲೆ ಬಿದ್ದಿರುವ ಹಿಮದ ಲೆಕ್ಕ ಬೇರೆ. ಈ ಎರಡು ಮಾತು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಸ್ಕೀ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ, ಕಲಿಯಲು ಹೋಗುವವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳನ್ನು ಕಾಶ್ಮೀರದ ಗುಲ್ಮಾರ್ಗ್‌ನಿಂದಲೇ ತೆಗೆದುಕೊಂಡಿದ್ದೇನೆ. ಉತ್ತರಾಖಂಡದ ಔಲಿಗೂ, ಮನಾಲಿ ಹತ್ತಿರದ ಸೋಲಾಂಗ್‌ಗೂ ಕ್ರಮ ಇದೇ. ಎತ್ತರದ ಅಂಕಿ ಮಾತ್ರ ಬದಲಿಸಿಕೊಳ್ಳಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್ನು. ಇದು ಮುಖ್ಯ. ಫೋನಿನಲ್ಲಿ ನೋಡಿದ ಅಂಕಿ ಮರುದಿನ ಬದಲಾಗುತ್ತದೆ. ಬರೆದಿಡದಿದ್ದರೆ ಅದು ಯಾವ ಕಡೆಗೆ ಬದಲಾಗುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

ಫೋನಿನಲ್ಲಿ ಬೇಕಾದದ್ದು ಮೂರು. ಭಾರತೀಯ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ದಿನದ ಮುನ್ಸೂಚನೆ. ವಿಂಡಿಯಂಥ ನಕ್ಷೆ ತೋರಿಸುವ ಆ್ಯಪ್. ಬೆಟ್ಟದ ಬುಡ, ನಡು, ತುದಿ ಅಂತ ಮೂರು ಎತ್ತರಕ್ಕೆ ಬೇರೆ ಬೇರೆ ಅಂಕಿ ಕೊಡುವ ಒಂದು ಪರ್ವತ ಮುನ್ಸೂಚನೆ ತಾಣ. ಇವುಗಳ ಜೊತೆಗೆ ಗುಲ್ಮಾರ್ಗ್‌ನಲ್ಲೇ ಇರುವ ಒಬ್ಬರ ಫೋನ್ ನಂಬರ್ ಇರಲಿ. ಹೋಟೆಲಿನವರಾದರೂ ಸರಿ, ಸ್ಕೀ ಕಲಿಸುವವರಾದರೂ ಸರಿ. ಕಲಿಸುವವರೇ ಆದರೆ ಒಳ್ಳೆಯದು, ಅವರು ದಿನಾ ಹಿಮದ ಮೇಲೆ ನಿಂತಿರುತ್ತಾರೆ.

## ಹಂತ 1: ಮಂಜು ಯಾವುದು, ಹಿಮ ಯಾವುದು?

ನಮ್ಮ ಕನ್ನಡಿಗರು ಎಡವುವುದು ಇಲ್ಲೇ. ನಂದಿ ಬೆಟ್ಟದಲ್ಲಿ ಬೆಳಗ್ಗೆ ಮುಖಕ್ಕೆ ತಾಗುವುದನ್ನೂ ಮಂಜು ಅಂತೀವಿ, ಕಾಶ್ಮೀರದಲ್ಲಿ ಬೀಳುವುದನ್ನೂ ಮಂಜು ಅಂತೀವಿ. ಫೋನನ್ನು ಕನ್ನಡಕ್ಕೆ ಹಾಕಿಕೊಂಡವರಿಗೆ ಹವಾಮಾನ ಆ್ಯಪ್‌ನಲ್ಲಿ "ಮಂಜು" ಅಂತ ಕಂಡರೆ ಅದು ಸಾಮಾನ್ಯವಾಗಿ ನಂದಿ ಬೆಟ್ಟದ ಮಂಜು. ಅಂದರೆ ಕಣ್ಣಿಗೆ ಅಡ್ಡ ಬರುವ ಮಂಜು. ಸ್ಕೀ ಮಾಡಲು ಬೇಕಾದದ್ದು ಅದಲ್ಲ.

"ಹಿಮಪಾತ" ಅನ್ನುವ ಪದದಲ್ಲೂ ಗೊಂದಲ ಇದೆ. ನಮ್ಮ ಪತ್ರಿಕೆಗಳಲ್ಲಿ ಹಿಮ ಬೀಳುವುದಕ್ಕೂ ಹಿಮಪಾತ ಅಂತಾರೆ, ಬೆಟ್ಟದಿಂದ ಹಿಮದ ರಾಶಿ ಜಾರಿ ಬರುವುದಕ್ಕೂ ಅದೇ ಪದ ಬಳಸುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಹೂತುಹಾಕಿದ್ದು ಎರಡನೇ ಥರದ್ದು. ಒಂದು ಖುಷಿಯ ಸುದ್ದಿ, ಇನ್ನೊಂದು ಪ್ರಾಣದ ಪ್ರಶ್ನೆ. ಹಾಗಾಗಿ ನೋಟ್‌ಬುಕ್‌ನಲ್ಲಿ ಬೀಳುವುದಕ್ಕೆ "ಹಿಮ" ಅಂತಲೂ, ಜಾರುವುದಕ್ಕೆ "ಹಿಮಕುಸಿತ" ಅಂತಲೂ ಬರೆಯಿರಿ. ಸಾಧ್ಯವಾದರೆ ಹವಾಮಾನ ಆ್ಯಪ್ ಒಂದನ್ನು ಮಾತ್ರ ಇಂಗ್ಲಿಷ್‌ಗೆ ಹಾಕಿಕೊಳ್ಳಿ. ಕನ್ನಡದ ಮೇಲೆ ಪ್ರೀತಿ ಇದ್ದೇ ಹೇಳುತ್ತಿದ್ದೇನೆ. ಈ ಒಂದು ಕಡೆ ಅನುವಾದ ನಂಬುವ ಹಾಗಿಲ್ಲ.

## ಹಂತ 2: ಎತ್ತರ ಬರೆದುಕೊಳ್ಳಿ

ಯಾವ ಮುನ್ಸೂಚನೆ ತೆರೆಯುವ ಮುಂಚೆಯೂ ಪುಟದ ಮೇಲ್ಗಡೆ ಈ ನಾಲ್ಕು ಸಾಲು ಬರೆಯಿರಿ.

ಶ್ರೀನಗರ: ಸುಮಾರು 1,585 ಮೀಟರ್.
ಗುಲ್ಮಾರ್ಗ್ ಬಯಲು: ಸುಮಾರು 2,650 ಮೀಟರ್.
ಕಾಂಗ್ಡೂರಿ, ಅಂದರೆ ಗೊಂಡೋಲಾ ಅನ್ನುವ ಕೇಬಲ್ ಕಾರಿನ ಮೊದಲ ಹಂತ ಮುಗಿಯುವ ಜಾಗ: ಸುಮಾರು 3,080 ಮೀಟರ್.
ಅಫರ್ವಟ್ ಶಿಖರದ ಕಡೆಗೆ ಎರಡನೇ ಹಂತ ಮುಗಿಯುವ ಜಾಗ: ಸುಮಾರು 3,950 ಮೀಟರ್.

ಔಲಿಗೆ ಹೋಗುವವರು 2,500ರಿಂದ 3,050 ಮೀಟರ್ ಅಂತ ಬರೆದುಕೊಳ್ಳಿ.

ಎತ್ತರ ಯಾಕೆ ಅಂದರೆ, ಸಾವಿರ ಮೀಟರ್ ಮೇಲೆ ಹೋದ ಹಾಗೆ ಸರಾಸರಿ ಆರೂವರೆ ಡಿಗ್ರಿ ಚಳಿ ಜಾಸ್ತಿ ಆಗುತ್ತದೆ. ಇದು ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. ಚಿಕ್ಕಬಳ್ಳಾಪುರ ಪೇಟೆ 915 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟ 1,478 ಮೀಟರ್. ನಡುವೆ 560 ಮೀಟರ್ ಚಿಲ್ಲರೆ. ಪೇಟೆಯಲ್ಲಿ ಅಂಗಿ ಸಾಕು ಅನ್ನಿಸಿದ ದಿನ ಬೆಟ್ಟದ ಮೇಲೆ ಸ್ವೆಟರ್ ಬೇಕಾಗುತ್ತಲ್ವಾ? ಆ ಮೂರೂವರೆ ಡಿಗ್ರಿಯ ವ್ಯತ್ಯಾಸವೇ ಅದು.

ಅದೇ ಲೆಕ್ಕ ಕಾಶ್ಮೀರಕ್ಕೆ ಹಾಕಿ. ಶ್ರೀನಗರದಲ್ಲಿ 6 ಡಿಗ್ರಿ ಇದ್ದರೆ ಗುಲ್ಮಾರ್ಗ್ ಬಯಲಲ್ಲಿ ಸುಮಾರು ಮೈನಸ್ 1, ಕಾಂಗ್ಡೂರಿಯಲ್ಲಿ ಮೈನಸ್ 4ರ ಹತ್ತಿರ, ಮೇಲೆ ಮೈನಸ್ 9. ಒಂದೇ ದಿನ, ಒಂದೇ ಗಂಟೆ, ಒಂದೇ ಮೋಡ. ಕೆಳಗೆ ಮಳೆ, ಮೇಲೆ ಹಿಮ.

ಸಾಮಾನ್ಯ ತಪ್ಪು: "ಗುಲ್ಮಾರ್ಗ್" ಅಂತ ಹುಡುಕಿದಾಗ ಕೆಲವು ತಾಣ ಬುಡದ ಅಂಕಿ ಕೊಡುತ್ತವೆ, ಕೆಲವು ತುದಿಯ ಅಂಕಿ ಕೊಡುತ್ತವೆ. ತುದಿಯಲ್ಲಿ ಬೀಳುವ 40 ಸೆಂಟಿಮೀಟರ್ ನೋಡಿ ಖುಷಿಪಟ್ಟು, ಬುಡದಲ್ಲಿ ಕೆಸರು ತುಳಿದವರನ್ನು ನಾನು ನೋಡಿದ್ದೇನೆ. ಹೊಸದಾಗಿ ಕಲಿಯುವವರು ನಿಲ್ಲುವುದೇ ಬುಡದ ಬಯಲಲ್ಲಿ. ಅವರು ಬುಡದ ಅಂಕಿಯನ್ನೇ ನೋಡಬೇಕು.

ಒಂದು ಎಚ್ಚರಿಕೆ. ಈ ಲೆಕ್ಕ ಕೆಲವು ದಿನ ತಲೆಕೆಳಗಾಗುತ್ತದೆ. ಚಳಿಗಾಲದ ಶಾಂತ ದಿನಗಳಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ನೀರಿನ ಹಾಗೆ ತುಂಬಿಕೊಂಡು ಕೂರುತ್ತದೆ. ಆಗ ಶ್ರೀನಗರದಲ್ಲಿ ಮಂಜು ಮುಸುಕಿ ಕೊರೆಯುವ ಚಳಿ ಇರುತ್ತದೆ, ಮೇಲೆ ಗುಲ್ಮಾರ್ಗ್‌ನಲ್ಲಿ ಬಿಸಿಲು. ಶ್ರೀನಗರದ ಚಳಿ ನೋಡಿ ಗುಲ್ಮಾರ್ಗ್‌ನಲ್ಲಿ ಹಿಮ ಇದೆ ಅಂತ ತಿಳಿಯಬೇಡಿ.

## ಹಂತ 3: ಹತ್ತು ದಿನ ಮೊದಲು, ಪಶ್ಚಿಮದ ಕಡೆ ನೋಡಿ

ನಮಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದ ತಕ್ಷಣ ಕಟಾವಾದ ರಾಗಿ ನೆನಪಾಗುತ್ತದೆ. ಕಾಶ್ಮೀರದವರಿಗೆ ಹಾಗೆ ನೆನಪಾಗುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ, ಮೇಲಿನ ಗಾಳಿಯ ಜೊತೆ ಹಿಮಾಲಯಕ್ಕೆ ಬಂದು ತಾಗುವ ಮಳೆಮಾರುತ ಅದು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುವುದು ಬಹುಪಾಲು ಇದರಿಂದಲೇ.

ಸಾಮಾನ್ಯವಾಗಿ ತಿಂಗಳಿಗೆ ನಾಲ್ಕೈದು ಬರುತ್ತವೆ. ಆದರೆ ಎಲ್ಲವೂ ಹಿಮ ಸುರಿಸುವುದಿಲ್ಲ. ಕೆಲವು ದುರ್ಬಲವಾಗಿ ಬಂದು ಮೋಡ ತೋರಿಸಿ ಹೋಗುತ್ತವೆ. ಆದ್ದರಿಂದ ಇಲಾಖೆಯ ಪ್ರಕಟಣೆಯಲ್ಲಿ "ದುರ್ಬಲ" ಅಂತಿದೆಯೋ "ತೀವ್ರ" ಅಂತಿದೆಯೋ ನೋಡಿ. ಆಮೇಲೆ "ಅಲ್ಲಲ್ಲಿ", "ಕೆಲವೆಡೆ", "ಹಲವೆಡೆ", "ಬಹುತೇಕ ಕಡೆ" ಅನ್ನುವ ಪದಗಳಿಗೆ ಗಮನ ಕೊಡಿ. ಸುಮ್ನೆ ಬರೆದ ಪದಗಳಲ್ಲ ಅವು, ಪ್ರತಿಯೊಂದಕ್ಕೂ ಅಳತೆ ಇದೆ. ಆ ಪ್ರದೇಶದ ಕಾಲು ಭಾಗದಷ್ಟು ಕಡೆಗಳಲ್ಲಿ ಮಾತ್ರ ಬೀಳುವುದಕ್ಕೆ ಒಂದು ಪದ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕಡೆ ಬೀಳುವುದಕ್ಕೆ ಇನ್ನೊಂದು ಪದ. "ಅಲ್ಲಲ್ಲಿ" ಅಂತಿದ್ದರೆ ಗುಲ್ಮಾರ್ಗ್ ಆ ಪಟ್ಟಿಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಹತ್ತು ದಿನ ಮುಂಚಿನ ಮುನ್ಸೂಚನೆಯಲ್ಲಿ ಸೆಂಟಿಮೀಟರ್ ಅಂಕಿ ನಂಬಬೇಡಿ. "ಆ ವಾರ ಏನೋ ಬರುತ್ತಿದೆ" ಅನ್ನುವಷ್ಟು ಮಾತ್ರ ತೆಗೆದುಕೊಳ್ಳಿ. ಐದು ದಿನದೊಳಗೆ ಬಂದಾಗ ವಿಂಡಿಯಲ್ಲಿ ಎರಡು ಮಾದರಿಗಳನ್ನು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಮುನ್ಸೂಚನೆಗಳನ್ನು, ಹೋಲಿಸಿ. ಒಂದು ಅಮೆರಿಕದ ಜಿಎಫ್‌ಎಸ್, ಇನ್ನೊಂದು ಯುರೋಪಿನ ಇಸಿಎಂಡಬ್ಲ್ಯುಎಫ್. ಎರಡೂ ಒಂದೇ ದಿನ ಹೇಳಿದರೆ ನಂಬಿಕೆ ಇಡಬಹುದು. ಒಂದು ಮಂಗಳವಾರ ಅಂದು, ಇನ್ನೊಂದು ಶುಕ್ರವಾರ ಅಂದರೆ ಇನ್ನೂ ಕಾಯಿರಿ.

ಮೂರು ದಿನ ಸತತವಾಗಿ, ಒಂದೇ ಹೊತ್ತಿಗೆ ನೋಡಿ ಬರೆಯಿರಿ. 25 ಸೆಂಟಿಮೀಟರ್, ಆಮೇಲೆ 18, ಆಮೇಲೆ 9 ಅಂತ ಇಳಿಯುತ್ತಿದ್ದರೆ ಕೊನೆಗೆ ಸಿಗುವುದು 9ಕ್ಕಿಂತಲೂ ಕಡಿಮೆ ಇರಬಹುದು ಅಂತ ನನ್ನ ಅನುಭವ.

ಎಚ್ಚರಿಕೆಯ ಗುರುತು: ಎರಡು ವಾರ ಯಾವುದೇ ತೀವ್ರ ಡಿಸ್ಟರ್ಬೆನ್ಸ್ ಬಂದಿಲ್ಲ, ಮುಂದಿನ ವಾರವೂ ಕಾಣುತ್ತಿಲ್ಲ ಅಂದರೆ ತಾರೀಕು ಬದಲಿಸಿ. ಡಿಸೆಂಬರ್ 21ರಿಂದ 40 ದಿನದ ಚಿಲ್ಲೈ ಕಲಾನ್ ಕಾಶ್ಮೀರದ ಕಡು ಚಳಿಯ ಕಾಲ. ಆಗ ಹಿಮ ಗ್ಯಾರಂಟಿ ಅಂತ ನಮ್ಮವರು ನಂಬಿದ್ದಾರೆ. 2024ರ ಜನವರಿಯಲ್ಲಿ ಅದೇ ಚಿಲ್ಲೈ ಕಲಾನ್‌ನಲ್ಲಿ ಗುಲ್ಮಾರ್ಗ್ ಬಯಲು ಕಂದು ಬಣ್ಣದಲ್ಲಿತ್ತು. 2025ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಭಾಗವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಕ್ಯಾಲೆಂಡರ್ ನೋಡಿ ಹಿಮ ಬೀಳುವುದಿಲ್ಲ.

## ಹಂತ 4: ಸೊನ್ನೆ ಡಿಗ್ರಿಯ ಗೆರೆ ಎಲ್ಲಿದೆ?

ಇದೊಂದನ್ನು ಸರಿಯಾಗಿ ಓದಲು ಕಲಿತರೆ ಅರ್ಧ ಕೆಲಸ ಆಯಿತು. ನೂರಕ್ಕೆ ತೊಂಬತ್ತು ಜನ ಇದನ್ನು ನೋಡುವುದೇ ಇಲ್ಲ.

ಪರ್ವತ ಮುನ್ಸೂಚನೆ ತಾಣಗಳಲ್ಲಿ "ಫ್ರೀಜಿಂಗ್ ಲೆವೆಲ್" ಅಂತ ಒಂದು ಸಾಲು ಇರುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯುವ ಎತ್ತರ ಅದು. ಹಿಮ ಆ ಗೆರೆ ದಾಟಿದ ತಕ್ಷಣ ಕರಗುವುದಿಲ್ಲ. ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಬರುತ್ತದೆ. ಅದಕ್ಕೂ ಕೆಳಗೆ ಮಳೆ.

ಒಂದು ಉದಾಹರಣೆ ನೋಡಿ. ಗೆರೆ 3,000 ಮೀಟರ್‌ನಲ್ಲಿದೆ ಅಂದುಕೊಳ್ಳಿ. ಹಿಮ 2,700 ಮೀಟರ್‌ವರೆಗೆ ಇಳಿಯಬಹುದು. ಗುಲ್ಮಾರ್ಗ್ ಬಯಲು 2,650. ಅಂದರೆ ಬಯಲಲ್ಲಿ ಹಿಮವೂ ನೀರೂ ಬೆರೆತ ಪಿಚಪಿಚ, ಕಾಂಗ್ಡೂರಿಯಲ್ಲಿ ಚೆನ್ನಾಗಿ ಹಿಮ. ಗೆರೆ 2,200 ಮೀಟರ್‌ಗೆ ಇಳಿದರೆ ಬಯಲಲ್ಲೂ ಒಳ್ಳೆಯ ಹಿಮ. ಗೆರೆ 3,500ಕ್ಕೆ ಏರಿದರೆ ಬಯಲಲ್ಲಿದ್ದ ಹಳೆಯ ಹಿಮದ ಮೇಲೂ ಮಳೆ ಬಿದ್ದು ಅದು ಹಾಳಾಗುತ್ತದೆ.

ದಿನಕ್ಕೆ ಒಂದೇ ಅಂಕಿ ನೋಡಿ ಬಿಡಬೇಡಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಬರೆಯಿರಿ. ಮಳೆಯಾಗಿ ಶುರುವಾಗಿ ರಾತ್ರಿ ಹಿಮಕ್ಕೆ ತಿರುಗಿದರೆ ಒಳ್ಳೆಯದು, ಹೊಸ ಹಿಮ ಕೆಳಗಿನ ಪದರಕ್ಕೆ ಅಂಟಿ ಕೂರುತ್ತದೆ. ಹಿಮವಾಗಿ ಶುರುವಾಗಿ ಮಳೆಗೆ ತಿರುಗಿದರೆ ಆ ದಿನ ಕೆಟ್ಟ ಹಾಗೆ. ರಾತ್ರಿ ಆಕಾಶ ತಿಳಿಯಾದರೆ ನೆನೆದ ಹಿಮವೆಲ್ಲ ಹೆಪ್ಪುಗಟ್ಟಿ ಬೆಳಗ್ಗೆ ಗಾಜಿನ ಹಾಗೆ ಜಾರುತ್ತದೆ.

## ಹಂತ 5: ಮಿಲಿಮೀಟರ್‌ನಿಂದ ಸೆಂಟಿಮೀಟರ್‌ಗೆ

ಹವಾಮಾನ ಇಲಾಖೆಯ ಮಳೆ ಮುನ್ಸೂಚನೆ ಇರುವುದು ನೀರಿನ ಮಿಲಿಮೀಟರ್‌ನಲ್ಲಿ. ಒಂದು ಮಿಲಿಮೀಟರ್ ನೀರು ಸುಮಾರು ಒಂದು ಸೆಂಟಿಮೀಟರ್ ಹಿಮ ಅಂತ ಒಂದು ಕೈಲೆಕ್ಕ ಇಟ್ಟುಕೊಳ್ಳಿ. 20 ಮಿಲಿಮೀಟರ್ ಅಂದರೆ 20 ಸೆಂಟಿಮೀಟರ್.

ಚಳಿ ಜಾಸ್ತಿ ಇದ್ದರೆ ಅದೇ ನೀರಿಗೆ ಹಿಮದ ರಾಶಿ ದೊಡ್ಡದಾಗುತ್ತದೆ. ಒಂದು ಸೇರು ಅಕ್ಕಿ ಪುರಿಯಾದರೆ ಚೀಲ ತುಂಬುತ್ತದಲ್ಲ, ಹಾಗೆ. ಮೈನಸ್ 10ರಲ್ಲಿ ಬೀಳುವ ಹಿಮ ಪುರಿಯ ಹಾಗೆ ಹಗುರ. ಸೊನ್ನೆಯ ಹತ್ತಿರ ಬೀಳುವುದು ನೆನೆದ ಅವಲಕ್ಕಿಯ ಹಾಗೆ ಭಾರ. 20 ಮಿಲಿಮೀಟರ್ ನೀರು ಮೇಲೆ 30 ಸೆಂಟಿಮೀಟರ್ ಆಗಬಹುದು, ಬಯಲಲ್ಲಿ 12 ಆಗಬಹುದು.

ಇನ್ನೊಂದು ಸಣ್ಣ ವಿಷಯ. ಇಲಾಖೆಯ "ಕಳೆದ 24 ಗಂಟೆ" ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30ರವರೆಗೆ. ಸುದ್ದಿ ಚಾನೆಲ್‌ನವರು ಅಡಿಯಲ್ಲಿ ಹೇಳುತ್ತಾರೆ, ಒಂದು ಅಡಿ ಅಂದರೆ 30 ಸೆಂಟಿಮೀಟರ್. ಯಾವ ಎತ್ತರದಲ್ಲಿ ಬಿದ್ದದ್ದು ಅಂತ ಹೇಳದ ಅಡಿ ಲೆಕ್ಕವನ್ನು ನಾನು ಬರೆದುಕೊಳ್ಳುವುದೇ ಇಲ್ಲ.

## ಹಂತ 6: ಗಾಳಿ

ನಾನು ಮೊದಲ ಸಲ ಹೋದಾಗ ಹಿಮ ಚೆನ್ನಾಗಿತ್ತು, ಬಿಸಿಲು ಚೆನ್ನಾಗಿತ್ತು. ಫೋನಿನಲ್ಲಿ ಗಾಳಿ 8 ಕಿಲೋಮೀಟರ್ ಅಂತ ತೋರಿಸುತ್ತಿತ್ತು. ಕಾಂಗ್ಡೂರಿವರೆಗೆ ಹೋದ ಮೇಲೆ ಎರಡನೇ ಹಂತದ ಗೊಂಡೋಲಾ ನಿಂತಿದೆ ಅಂದರು. ನನಗೆ ನಂಬಲಿಕ್ಕಾಗಲಿಲ್ಲ. ನಾನು ನಿಂತಲ್ಲಿ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ತಲೆ ಎತ್ತಿ ನೋಡಿದೆ. ಅಫರ್ವಟ್‌ನ ಅಂಚಿನುದ್ದಕ್ಕೂ ಬಿಳಿ ಹೊಗೆ ಎದ್ದ ಹಾಗೆ ಹಿಮ ಹಾರುತ್ತಿತ್ತು. ನಮ್ಮ ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರುತ್ತದಲ್ಲ, ತದ್ವತ್ ಹಾಗೆ. ನಾನು ನೋಡಿದ್ದು ಬಯಲಿನ ಗಾಳಿ. ಹೋಗಬೇಕಿದ್ದದ್ದು ತುದಿಗೆ.

ಹಾಗಾಗಿ ವಿಂಡಿಯಲ್ಲಿ ನೆಲಮಟ್ಟದ ಗಾಳಿ ನೋಡಿ ಬಿಡಬೇಡಿ. ಎತ್ತರ ಬದಲಿಸುವ ಪಟ್ಟಿಯಲ್ಲಿ 4,000 ಮೀಟರ್ ಹತ್ತಿರದ್ದನ್ನು ಆರಿಸಿ. ಅಲ್ಲಿ ಗಾಳಿಯ ಬೀಸು ಗಂಟೆಗೆ 50 ಕಿಲೋಮೀಟರ್ ದಾಟಿದ್ದರೆ ಮೇಲಿನ ಹಂತ ಮುಚ್ಚಬಹುದು ಅಂತ ಲೆಕ್ಕ ಹಾಕಿ, ಆ ದಿನ ಬೇರೆ ಯೋಜನೆ ಇಟ್ಟುಕೊಳ್ಳಿ. ಇದು ಅವರ ನಿಯಮ ಅಲ್ಲ, ನಾನು ಇಟ್ಟುಕೊಂಡ ಅಂದಾಜು.

ಗಾಳಿ ಚಳಿಯನ್ನೂ ಹೆಚ್ಚಿಸುತ್ತದೆ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಾಗುವುದು ಮೈನಸ್ 13ರ ಹಾಗೆ. ಮಕ್ಕಳ ಮೂಗು, ಕಿವಿ ಬಿಳಿಚಿಕೊಂಡು ಸ್ಪರ್ಶ ಗೊತ್ತಾಗದ ಹಾಗಾದರೆ ತಕ್ಷಣ ಒಳಗೆ ಕರೆದುಕೊಂಡು ಹೋಗಿ. ಉಜ್ಜಬೇಡಿ, ಬೆಚ್ಚನೆಯ ಅಂಗೈ ಇಟ್ಟು ಹಿಡಿಯಿರಿ.

ಆ ರಾಗಿ ಹೊಟ್ಟಿನ ವಿಷಯ ಮರೆಯಬೇಡಿ. ಹಂತ 8ರಲ್ಲಿ ಮತ್ತೆ ಬೇಕಾಗುತ್ತದೆ.

## ಹಂತ 7: ನೆಲದ ಮೇಲಿನ ಹಿಮ ಹೇಗಿದೆ?

ಇಲ್ಲಿಯವರೆಗೆ ಆಕಾಶ ನೋಡಿದ್ದಾಯಿತು. ಈಗ ನೆಲ. ಇದಕ್ಕೆ ಆ್ಯಪ್ ಸಾಲದು, ಅಲ್ಲಿರುವವರಿಗೆ ಫೋನ್ ಮಾಡಲೇಬೇಕು. "ಹಿಮ ಇದೆಯಾ?" ಅಂತ ಕೇಳಬೇಡಿ. ಮೂಲೆಯಲ್ಲಿ ಒಂದು ರಾಶಿ ಇದ್ದರೂ ಹೌದು ಅಂತಲೇ ಉತ್ತರ ಬರುತ್ತದೆ. ಹೀಗೆ ಕೇಳಿ:

"ಕಲಿಯುವವರ ಇಳಿಜಾರಿನಲ್ಲಿ ಎಷ್ಟು ಇಂಚು ಇದೆ? ಕೊನೆಗೆ ಹಿಮ ಬಿದ್ದದ್ದು ಯಾವ ದಿನ? ಆಮೇಲೆ ಮಳೆ ಬಂತಾ? ಬೆಳಗ್ಗೆ ಗಟ್ಟಿ ಇರುತ್ತಾ? ಈವತ್ತು ಬೆಳಗ್ಗೆ ತೆಗೆದ ಒಂದು ವಿಡಿಯೊ ಕಳಿಸ್ತೀರಾ?"

ಒಮ್ಮೆ ನಮ್ಮ ಬೀದಿಯ ಕುಟುಂಬಕ್ಕೆ ಪ್ರವಾಸದ ಏಜೆಂಟರು ಹಿಂದಿನ ವರ್ಷದ ಫೋಟೊ ಕಳಿಸಿದ್ದರು. ಈಗ ಅವರು ವಿಡಿಯೊ ಕಾಲ್‌ನಲ್ಲೇ ನೋಡುತ್ತಾರೆ. ನೀವೂ ಹಾಗೇ ಮಾಡಿ.

ಹೊಸ ಹಿಮ ಬಿದ್ದಷ್ಟೇ ಉಳಿಯುವುದಿಲ್ಲ. ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಅದಕ್ಕೇ ವರದಿಯಲ್ಲಿ ಹೊಸ ಹಿಮದ ಅಂಕಿ ಬೇರೆ, ಒಟ್ಟು ಆಳದ ಅಂಕಿ ಬೇರೆ ಇರುತ್ತದೆ. ಕಲ್ಲು, ಪೊದೆ ಮುಚ್ಚಬೇಕಾದರೆ ಒಟ್ಟು ಆಳ ಬೇಕು. ಹೊಸ ಹಿಮ ಎಷ್ಟೇ ಇದ್ದರೂ ಅಡಿಯಲ್ಲಿ ಗಟ್ಟಿ ಪದರ ಇಲ್ಲದಿದ್ದರೆ ಸ್ಕೀ ಕೆಳಗಿನ ಕಲ್ಲಿಗೆ ತಾಗುತ್ತದೆ.

ಅಲ್ಲಿಗೆ ಹೋದ ಮೇಲೆ ಮಾಡುವ ಒಂದು ಪರೀಕ್ಷೆ ಇದೆ. ಬಾಡಿಗೆ ಸ್ಕೀ ಕಟ್ಟಿಕೊಳ್ಳುವ ಮುಂಚೆ ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ಹಿಮ ತೆಗೆದುಕೊಂಡು ಮೆಲ್ಲಗೆ ಅದುಮಿ, ಕೈ ತೆರೆಯಿರಿ.

ಒಣ ರಾಗಿ ಹಿಟ್ಟಿನ ಹಾಗೆ ಬೆರಳ ಸಂದಿಯಿಂದ ಉದುರಿತಾ? ಅದು ಒಣ ಹಿಮ. ಬಿದ್ದರೆ ನೋವಾಗುವುದಿಲ್ಲ, ಆದರೆ ಆಳ ಇದ್ದರೆ ಕಾಲು ಹೂತುಕೊಳ್ಳುತ್ತದೆ. ಉಂಡೆ ಕಟ್ಟಿತಾ? ತೇವ ಇದೆ, ಕಲಿಯಲು ಒಳ್ಳೆಯ ಹಿಮ. ಉಂಡೆ ಹೊಳೆಯುತ್ತಾ, ಒಳಗೆ ನೀರು ಕಾಣುತ್ತಾ? ಸ್ಕೀ ಅಂಟಿಕೊಂಡು ಎಳೆಯುತ್ತದೆ, ಮಂಡಿ ತಿರುಚಿಕೊಳ್ಳುವುದು ಇಂಥ ಹಿಮದಲ್ಲೇ ಜಾಸ್ತಿ. ಅದುಮಿದಾಗ ನೀರೇ ತೊಟ್ಟಿಕ್ಕಿತಾ? ಆ ಹೊತ್ತಿಗೆ ಸ್ಕೀ ಬಿಟ್ಟು ಚಹಾ ಕುಡಿಯಲು ಹೋಗಿ. ಹಿಡಿ ತೆಗೆಯಲಿಕ್ಕೇ ಆಗಲಿಲ್ಲವಾ, ಬೆರಳು ಮೇಲೆ ಜಾರಿತಾ? ಅದು ಮಂಜುಗಡ್ಡೆ, ಬಿಸಿಲು ತಾಗುವವರೆಗೆ ಕಾಯಿರಿ.

ಕೆಲವೊಮ್ಮೆ ಮೇಲೆ ಹಪ್ಪಳದಂಥ ತೆಳು ಪದರ ಇದ್ದು ಅಡಿಯಲ್ಲಿ ಮೆತ್ತಗಿರುತ್ತದೆ. ಕಾಲಿಟ್ಟರೆ ಪಟ್ ಅಂತ ಒಡೆದು ಒಳಗೆ ಹೋಗುತ್ತದೆ. ಹೊಸಬರಿಗೆ ಇದು ಎಲ್ಲಕ್ಕಿಂತ ಕಷ್ಟ. ಯಂತ್ರ ಓಡಿಸಿ ಒತ್ತಿದ ಇಳಿಜಾರಿನಲ್ಲೇ ಇರಿ.

ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೋಗುವವರಿಗೆ ಗಂಟೆಯ ಲೆಕ್ಕವೂ ಬೇಕು. ನಮ್ಮೂರಲ್ಲಿ ಮೋಡ ಮುಚ್ಚಿದ ರಾತ್ರಿ ಚಳಿ ಕಡಿಮೆ, ನಕ್ಷತ್ರ ಕಾಣುವ ರಾತ್ರಿ ಚಳಿ ಜಾಸ್ತಿ ಅಲ್ವಾ? ಅಲ್ಲೂ ಹಾಗೇ. ರಾತ್ರಿ ಆಕಾಶ ತಿಳಿಯಾಗಿದ್ದರೆ ಬೆಳಗ್ಗೆ ಹಿಮ ಗಟ್ಟಿ, ಬಿಸಿಲೇರಿದಂತೆ ಮೇಲ್ಪದರ ಹದವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೆಸರು. ಆ ಹದದ ಒಂದೆರಡು ಗಂಟೆಯೇ ಕಲಿಯುವ ಹೊತ್ತು. ರಾತ್ರಿ ಮೋಡ ಇದ್ದರೆ ಹಿಮ ಗಟ್ಟಿಯಾಗುವುದೇ ಇಲ್ಲ, ಬೆಳಗ್ಗೆಯಿಂದಲೇ ಮೆತ್ತಗಿರುತ್ತದೆ.

## ಹಂತ 8: ಹಿಮಕುಸಿತದ ಎಚ್ಚರಿಕೆ

ಬಯಲಿನ ಇಳಿಜಾರಿನಲ್ಲೇ ಆಡುವವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಗೊಂಡೋಲಾದಲ್ಲಿ ಮೇಲೆ ಹೋಗಿ ಗುರುತು ಹಾಕಿದ ದಾರಿ ಬಿಟ್ಟು ಇಳಿಯುವ ಆಸೆ ಇರುವವರು ಎರಡು ಸಲ ಓದಿ.

ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದು ಜಿಲ್ಲೆಯ ಹೆಸರಿನಲ್ಲಿ, ಎತ್ತರ ಹೇಳಿ ಬರುತ್ತದೆ. ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ. "ಗುಲ್ಮಾರ್ಗ್" ಅಂತ ಹುಡುಕಿ ಸಿಗಲಿಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಂಡವರಿದ್ದಾರೆ.

ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. ಇದನ್ನು ಪರೀಕ್ಷೆಯ ಅಂಕದ ಹಾಗೆ ಓದಬೇಡಿ. 3 ಅಂದರೆ ಮಧ್ಯಮ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಪ್ರತಿ ಹಂತಕ್ಕೂ ಅಪಾಯ ಪಟ್ಟುಗಟ್ಟಲೆ ಏರುತ್ತದೆ. 4, 5 ಇದ್ದ ದಿನ ಜನ ಹೆದರಿ ಮನೆಯಲ್ಲಿರುತ್ತಾರೆ. 3 ಇದ್ದ ದಿನ ಧೈರ್ಯ ಮಾಡಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ವಿಟ್ಜರ್‌ಲೆಂಡ್‌ನ ಲೆಕ್ಕಗಳಲ್ಲೂ ಅತಿ ಹೆಚ್ಚು ಸಾವುಗಳು 3ರ ದಿನಗಳಲ್ಲೇ.

ಈಗ ರಾಗಿ ಹೊಟ್ಟು. ತೂರುವಾಗ ಹೊಟ್ಟು ಗಾಳಿ ಬರುವ ಬದಿಯಲ್ಲಿ ನಿಲ್ಲುವುದಿಲ್ಲ, ಆಚೆ ಬದಿಯಲ್ಲಿ ಗುಡ್ಡೆ ಬೀಳುತ್ತದೆ. ಬೆಟ್ಟದ ಅಂಚಿನಲ್ಲಿ ಹಾರುವ ಹಿಮವೂ ಹಾಗೇ ಗಾಳಿಯ ಮರೆಯ ಇಳಿಜಾರಿನಲ್ಲಿ ದಪ್ಪಗೆ ಕೂರುತ್ತದೆ. ನೋಡಲು ಅಲ್ಲೇ ಅತಿ ಚೆಂದ, ನುಣ್ಣಗೆ ಹಾಸಿದ ಹಾಗೆ. ಆದರೆ ಅದು ಹಲಗೆಯ ಥರ ಒಂದೇ ತುಂಡಾಗಿ, ಅಡಿಯ ಪದರಕ್ಕೆ ಸರಿಯಾಗಿ ಅಂಟದೆ ಕೂತಿರುತ್ತದೆ. ಒಬ್ಬರ ಭಾರ ಸಾಕು, ಇಡೀ ಹಲಗೆ ಜಾರುತ್ತದೆ. 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಇದು ಹೆಚ್ಚು. ಸ್ಕೀ ಮಾಡುವವರಿಗೆ ಇಷ್ಟವಾಗುವ ಓರೆಯೂ ಅದೇ.

ದೊಡ್ಡ ಹಿಮ ಬಿದ್ದ ಮೇಲಿನ ಒಂದೆರಡು ದಿನ ಅತಿ ಅಪಾಯ. 2024ರಲ್ಲಿ ಒಣ ಜನವರಿ ಮುಗಿದು, ಫೆಬ್ರವರಿ ಮೂರನೇ ವಾರ ಭಾರಿ ಹಿಮ ಬಿತ್ತು. ಎಲ್ಲರೂ ಕಾದಿದ್ದ ಹಿಮ. ಫೆಬ್ರವರಿ 22ರಂದು ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತವಾಗಿ ರಷ್ಯಾದ ಒಬ್ಬ ಸ್ಕೀಯರ್ ತೀರಿಕೊಂಡರು.

ಕಣ್ಣಿಗೆ, ಕಿವಿಗೆ ಸಿಗುವ ಗುರುತುಗಳು: ಕಾಲಿಟ್ಟಾಗ ಅಡಿಯಿಂದ "ಧುಮ್" ಅಂತ ಸದ್ದು ಬಂದು ನೆಲ ಕುಸಿದಂತಾಗುವುದು. ಸ್ಕೀ ಮುಂದೆ ಹಿಮದಲ್ಲಿ ಬಿರುಕು ಓಡುವುದು. ಎದುರು ಬೆಟ್ಟದಲ್ಲಿ ಹೊಸದಾಗಿ ಜಾರಿದ ಗುರುತು. ಒಂದೇ ದಿನದಲ್ಲಿ ಬಿಸಿಲು ಜೋರಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಮುಂದೆ ಯಾರೋ ಇಳಿದ ಗೆರೆ ಇದೆ ಅನ್ನುವುದು ಧೈರ್ಯಕ್ಕೆ ಕಾರಣವಾಗಬಾರದು. ಅವರ ಭಾರಕ್ಕೆ ಜಾರದ್ದು ನಿಮ್ಮ ಭಾರಕ್ಕೆ ಜಾರಬಹುದು. ಗುರುತಿನ ದಾರಿ ಬಿಡುವವರ ಹತ್ತಿರ ಸಂಕೇತ ಕಳಿಸುವ ಬೀಕನ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಮೂರೂ ಇರಬೇಕು, ಬಳಸಲು ಬರಬೇಕು, ಸ್ಥಳೀಯ ಗೈಡ್ ಜೊತೆಯಲ್ಲಿರಬೇಕು.

## ಹಂತ 9: ದಾರಿ ಮತ್ತು ವಿಮಾನ

ಹಿಮ ಬೀಳುವ ದಿನ ತಲುಪುವ ಯೋಜನೆ ಹಾಕಬೇಡಿ. ಶ್ರೀನಗರದಲ್ಲಿ ಹಿಮ ಬಿದ್ದು ಕಣ್ಣು ಕಾಣದ ಹಾಗಾದರೆ ವಿಮಾನ ಇಳಿಯುವುದಿಲ್ಲ. ಇಳಿದರೂ ಬೆಟ್ಟದ ಬುಡದ ತಂಗ್ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್ ಏರುದಾರಿಗೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಅಥವಾ ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇರುವ ಗಾಡಿ ಬೇಕು. ಡಿಸ್ಟರ್ಬೆನ್ಸ್ ಬರುವ ಹಿಂದಿನ ದಿನವೇ ಗುಲ್ಮಾರ್ಗ್ ತಲುಪಿ, ಹಿಮ ಬೀಳುವಾಗ ಒಳಗೆ ಕೂತಿರಿ. ವಾಪಸ್ ಬರಲು ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

## ಹಂತ 10: ಅಲ್ಲಿನ ಬೆಳಗ್ಗೆ

ಎದ್ದ ತಕ್ಷಣ ಕಿಟಕಿಯಿಂದ ಮೊದಲು ತುದಿಯ ಅಂಚು ನೋಡಿ. ಬಿಳಿ ಹೊಗೆ ಹಾರುತ್ತಿದ್ದರೆ ಮೇಲೆ ಗಾಳಿ. ಅಂಚೇ ಕಾಣದಿದ್ದರೆ ಮೇಲೆ ಮೋಡ. ಮೋಡದೊಳಗೆ ಸ್ಕೀ ಮಾಡುವುದು ಹೊಸಬರಿಗೆ ಬೇಡವೇ ಬೇಡ. ನೆಲವೂ ಬಿಳಿ, ಆಕಾಶವೂ ಬಿಳಿ, ಇಳಿಜಾರು ಎಲ್ಲಿ ಶುರುವಾಯಿತು ಅಂತ ಕಾಣುವುದಿಲ್ಲ. ನಿಂತಿದ್ದೀರೋ ಜಾರುತ್ತಿದ್ದೀರೋ ಅನ್ನುವುದೂ ಗೊತ್ತಾಗುವುದಿಲ್ಲ.

ಆಮೇಲೆ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪಟ್ರೋಲ್‌ನವರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ. ಈವತ್ತು ಯಾವ ಇಳಿಜಾರು ತೆರೆದಿದೆ? ನಿನ್ನೆಗಿಂತ ಏನು ಬದಲಾಗಿದೆ? ಅವರ ಮಾತಿಗೂ ನಿಮ್ಮ ನೋಟ್‌ಬುಕ್‌ಗೂ ಹೊಂದದಿದ್ದರೆ ಅವರ ಮಾತು ಕೇಳಿ.

ಕೊನೆಗೆ ಕೈಯಲ್ಲಿ ಹಿಮ ಹಿಡಿದು ನೋಡುವ ಆ ಪರೀಕ್ಷೆ. ಬೆಳಗ್ಗೆ ಒಂದು ಸಲ, ಹನ್ನೊಂದಕ್ಕೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಮಾಡಿ, ಗಂಟೆ ಹಾಕಿ ಬರೆದಿಡಿ. ಮಧ್ಯಾಹ್ನ ಬಿಸಿಲು ಬೆಟ್ಟದ ಹಿಂದೆ ಸರಿದ ಮೇಲೆ, ಅದುಮಿದಾಗ ನೀರು ಬರುತ್ತಿದ್ದ ಹಿಮ ಮತ್ತೆ ಗರಗರ ಅನ್ನಲು ಶುರುವಾದರೆ ಹೆಪ್ಪುಗಟ್ಟುತ್ತಿದೆ ಅಂತ ಅರ್ಥ. ಆಗ ಇನ್ನೊಂದು ಸಲ ಇಳಿಯಬೇಡಿ. ಸ್ಕೀ ಬಿಚ್ಚಿ ಕೈಯಲ್ಲಿ ಹಿಡಿದು ನಡೆದುಕೊಂಡು ಬನ್ನಿ.